ಒಳಗಿನ ಕಿಸೆ

ವಕೀಲ ಗಲಗಲಿಯವರು ಹಸ್ತಪ್ರತಿಯ ತೂಕ ನೋಡಿದರು, ಓದಲಿಲ್ಲ.
'ಹೆಸರು ತೆಗಿ. ಊರು ತೆಗಿ. ನದಿ ಇರಲಿ,
ನದಿ ಕೋರ್ಟಿಗೆ ಹೋಗೂದಿಲ್ಲ' ಅಂದರು.
ಹಾಗಾಗಿ ನನ್ನ ಪುಸ್ತಕದಲ್ಲಿ
ಎರಡೇ ಮನೆತನ: ಮೇಲಿನ ವಾಡೆ, ಕೆಳಗಿನ ವಾಡೆ.
ನಡುವೆ ಮೂವತ್ತೊಂದು ವರ್ಷ, ಹನ್ನೊಂದು ಹೆಣ,
ಉಸುಕಿನ ಲಾರಿ, ಓಪನ್ ಕ್ಲೋಸ್ ಚೀಟಿ,
ಸಕ್ಕರೆ ಕಾರ್ಖಾನೆಯ ಒಂದು ಚುನಾವಣೆ.

ವಿಜಯಪುರದ ಜೋರಾಪುರ ಪೇಟೆಯಲ್ಲಿ ಮಾಳಿಗೆ ಕೋಣೆ ನನ್ನದು.
ಕಿಟಕಿಗೆ ನೇರ ಚಹಾದಂಗಡಿ. ಅಲ್ಲಿ
ಹದಿನೈದು ದಿನದಿಂದ ಒಬ್ಬ ಹುಡುಗ ಕೂತಿದ್ದಾನೆ;
ನಾನು ದೀಪ ಆರಿಸಿದ ಮೇಲೆಯೇ
ಅವನ ಮೋಟಾರ್‌ಸೈಕಲ್ ಶುರುವಾಗುತ್ತದೆ.
ಒಮ್ಮೆ ಮಳೆ ಬಂದಾಗ ಮೇಲೆ ಕರೆದೆ. ಬಂದ.
ಶೇಂಗಾ ಹಿಂಡಿ ಹಚ್ಚಿಕೊಂಡು ಎರಡು ರೊಟ್ಟಿ ತಿಂದ.
ಗೋಡೆಗೆ ಒರಗಿಸಿಟ್ಟ ಫೈಲುಗಳನ್ನು ನೋಡಿ
'ಸರ, ಇದರಾಗ ನಮ್ಮ ಕಾಕಾ ಅದಾನೇನ್ರಿ?' ಕೇಳಿದ.
ಇದ್ದ. ಏಳನೇ ಅಧ್ಯಾಯ, ಬಸ್‌ಸ್ಟ್ಯಾಂಡಿನ ಹಿಂದೆ.
'ಇಲ್ಲ' ಅಂದೆ.
ಹುಡುಗನ ಮುಖ ಸಣ್ಣದಾಯಿತು.

ಮೇಲಿನ ವಾಡೆಯ ಅವ್ವಾರು ಕರೆಸಿದ್ದು ಶ್ರಾವಣದಲ್ಲಿ.
ಬಾಗಿಲು ಕಾಯುವವರು ಮೈ ತಡವಿ ನೋಡಿದರು,
ಪೆನ್ನಿನ ಟೋಪಿ ಬಿಚ್ಚಿ ನೋಡಿದರು.
ಒಳಗೆ ತೂಗುಮಂಚ, ಕೇಸರಿ ಹಾಕಿದ ಹಾಲು,
ಗೋಡೆಯ ಮೇಲೆ ಮೂವರು ಗಂಡಸರು, ಮೂರು ಹಾರ.
ಹೆದರಿಸುತ್ತಾರೆ ಅಂದುಕೊಂಡು ಹೋಗಿದ್ದೆ.
ಅವರು ತಪ್ಪು ತಿದ್ದಲು ಕರೆಸಿದ್ದರು:
'ನನ್ನ ನಡುವಿನ ಮಗ ಓಡಿ ಹೋಗೂ ಮುಂದ ಬಿದ್ದ ಅಂತ ಬರದೀಯಂತ.
ಸಣ್ಣಾಂವ ಇದ್ದಾಗಿಂದ ಅವಗ ಪೋಲಿಯೊ.
ಓಡಾಕ ಬರತಿರಲಿಲ್ಲೋ ತಮ್ಮಾ.
ಅಷ್ಟು ಬರಿ.'

ಐದು ಸಾಕ್ಷಿಗಳು 'ಓಡುತ್ತಿದ್ದ' ಅಂದಿದ್ದರು.
ನಾನೂ ಓಡಿಸಿದ್ದೆ, ಚಂದದ ಎರಡು ಪುಟ,
ತೆನೆ ಬಿಟ್ಟ ಜೋಳದ ಹೊಲದ ತುಂಬ.

ಹೊಸ್ತಿಲು ದಾಟುವಾಗ ಹಿಂದಿನಿಂದ ಅಂದರು:
'ನೀ ಶಿಂಪಿ ದಾಮೋದರನ ಮಗ ಅಲ್ಲೇನು?
ನಿಮ್ಮಪ್ಪ ಹೊಲಿದದ್ದು ಇನ್ನೂ ಟ್ರಂಕಿನ್ಯಾಗ ಅದ.'

ಇನ್ನು ಪುಸ್ತಕದಲ್ಲಿ ಇಲ್ಲದ್ದು.
ನಮ್ಮಪ್ಪನ ಅಂಗಡಿಗೆ ಎರಡೂ ವಾಡೆಯವರು ಬರುತ್ತಿದ್ದರು,
ಮೇಲಿನವರು ಸೋಮವಾರ, ಕೆಳಗಿನವರು ಗುರುವಾರ.
ಕೋಟು, ಜಾಕೀಟು, ಮದುವೆಯ ಶೇರವಾನಿ,
ಎಲ್ಲಕ್ಕೂ ಎಡಗಡೆ ಒಳಗೊಂದು ಕಿಸೆ:
ಒಂಬತ್ತು ಬೆರಳು ಆಳ, ಎರಡು ಪದರ ಮಾದರಪಾಟು,
ಭಾರಕ್ಕೆ ಜೋತು ಬೀಳದಂತೆ ಹೆಗಲಿಗೊಂದು ಪಟ್ಟಿ,
ಬಾಯಿಗೊಂದು ಗುಂಡಿ.
ಯಾತರ ಭಾರ ಎಂದು ಅಪ್ಪ ಯಾರನ್ನೂ ಕೇಳಲಿಲ್ಲ.
ನಾನು ಅಪ್ಪನನ್ನು ಕೇಳಿದೆ.
ಸೂಜಿ ಕಚ್ಚಿಕೊಂಡ ಬಾಯಿಂದಲೇ ಅಂದ:
'ಕನ್ನಡಕದ ಡಬ್ಬಿ.'
ಅವರಲ್ಲಿ ಒಬ್ಬರಿಗೂ ಕನ್ನಡಕ ಇರಲಿಲ್ಲ.

ಕಾಜಾ ಹೊಲಿಯುವುದು ನನ್ನ ಕೆಲಸ, ಡಜನ್ನಿಗೆ ನಾಲ್ಕಾಣೆ.
ಆ ನಾಲ್ಕಾಣೆಗಳಲ್ಲಿ ಪಾಟಿ ಬಂತು, ಅಂಕಲಿಪಿ ಬಂತು,
ಮೊದಲ ಶಾಯಿ ಪೆನ್ನು ಬಂತು.

ಪಂಚನಾಮೆ ಓದುವಾಗ ಇವತ್ತಿಗೂ
ಗಾಯದ ಸಾಲು ಬಿಟ್ಟು ಬಟ್ಟೆಯ ಸಾಲಿಗೆ ಹೋಗುತ್ತೇನೆ.
ಆ ನಡುವಿನ ಮಗನದು ಹೀಗಿದೆ:
'ಕಂದು ಕೋಟು. ಎಡ ಒಳಕಿಸೆ ಹರಿದಿಲ್ಲ. ಗುಂಡಿ ಹಾಕಿದೆ.'
ಹರಿದಿಲ್ಲ ಎಂಬುದನ್ನು ಮೊದಲ ಸಲ ಓದಿದಾಗ
ನನಗೆ ಹೆಮ್ಮೆ ಆದದ್ದುಂಟು.
ಮುಂದಿನೆರಡು ಶಬ್ದಕ್ಕೆ ಬರಲು
ಇಷ್ಟು ವರ್ಷ ಬೇಕಾಯಿತು.

ನಿನ್ನೆ ರಾತ್ರಿ ಆ ಎರಡು ಪುಟ ಹರಿದು
ಅವನನ್ನು ಬದುವಿನ ಮೇಲೆ ನಿಲ್ಲಿಸಿದೆ,
ಸಪೂರ ಕಾಲನ್ನು ಗಟ್ಟಿ ಕಾಲಿಗೆ ಆನಿಸಿ.
ಅವನು ಕೋಟಿನೊಳಗೆ ಕೈ ಹಾಕಿದ.
ಅಲ್ಲಿಗೆ ನನ್ನ ವಾಕ್ಯ ನಿಂತಿದೆ.
ಹೊಸ ಕಾಜಾ ಬಿಗಿ ಇರುತ್ತದೆ.
ಎಷ್ಟು ಬಿಗಿ ಎಂದು ಸಾಕ್ಷಿಗಳಿಗೆ ಗೊತ್ತಿಲ್ಲ,
ಫೌಜದಾರನಿಗೆ ಗೊತ್ತಿಲ್ಲ, ಹೊಡೆದವನಿಗೂ ಗೊತ್ತಿಲ್ಲ.
ಹತ್ತು ವರ್ಷದ ಒಂದು ಹೆಬ್ಬೆರಳಿಗೆ ಗೊತ್ತಿತ್ತು.

ಕೆಳಗೆ ಹುಡುಗ ಇನ್ನೊಂದು ಚಹಾ ಹೇಳಿದ.
ಅಂಗಡಿಯವ ಬೆಂಚು ಎತ್ತಿಡುತ್ತಿದ್ದಾನೆ.
ಹೊತ್ತಾಯಿತು, ದೀಪ ಆರಿಸಬೇಕು,
ಅವನಿಗೂ ಮನೆ ಇದೆ.